ಕೋಳಿಗೆ ಇದ್ದ ಪರೀಕ್ಷೆ ಕೂಸಿಗೆ ಇರಲಿಲ್ಲ

ಸೋಯಾ ಹಿಂಡಿಯ ಲಾರಿ ನಮ್ಮ ಗೇಟಿನೊಳಗೆ ಬಂತೆಂದರೆ ಅದರ ಮೇಲೆ ಮೊದಲು ಹತ್ತುವವರು ಹಮಾಲರಲ್ಲ, ನಾನು. ಮೂಡಲಗಿ ರಸ್ತೆಯಲ್ಲಿ ಕೋಳಿ ಮತ್ತು ದನಗಳಿಗೆ ಆಹಾರ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೊಳ್ಳು ಸಲಾಕೆಯನ್ನು ಮೇಲಿನ ಚೀಲಕ್ಕೊಮ್ಮೆ, ನಡುವಿನದಕ್ಕೊಮ್ಮೆ, ತಳದ್ದಕ್ಕೊಮ್ಮೆ ಚುಚ್ಚಿ ಮಾದರಿ ತೆಗೆಯುತ್ತೇನೆ. ಅದನ್ನು ಬೀಸಿ, ಜರಡಿ ಹಿಡಿದು, ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ಯೂರಿಯಾ ಕರಗಿಸಿದ ಬಣ್ಣದ ನೀರು ಹನಿಸುತ್ತೇನೆ. ನೀರು ಮೊದಲು ಕೇಸರಿಗೆ ಹತ್ತಿರದ ಹಳದಿ ಇರುತ್ತದೆ. ಸೋಯಾ ಸರಿಯಾಗಿ ಬೆಂದಿದ್ದರೆ ಅದು ಹಾಗೇ ಉಳಿಯುತ್ತದೆ, ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಕಂಡರೆ ಚಿಂತೆಯಿಲ್ಲ. ಹಸಿ ಇದ್ದರೆ ತಟ್ಟೆಗೆ ತಟ್ಟೆಯೇ ಕೆಂಪಾಗುತ್ತದೆ. ಹಾಗಾದರೆ ಲಾರಿ ವಾಪಸ್. ಡ್ರೈವರ್ ಬೈಯಲಿ, ವ್ಯಾಪಾರಿ ಫೋನಿನಲ್ಲಿ ಕೂಗಾಡಲಿ, ಆ ಹಿಂಡಿ ನಮ್ಮ ಗೋದಾಮಿನಲ್ಲಿ ಇಳಿಯುವುದಿಲ್ಲ.

ಹಸಿ ಸೋಯಾ ತಿಂದ ಕೋಳಿಮರಿ ಬೆಳೆಯುವುದಿಲ್ಲ. ಗಿಡ ತನ್ನ ಕಾಳಿನಲ್ಲಿ ಪ್ರೊಟೀನು ತುಂಬಿಡುವುದು ನಮ್ಮ ಸಲುವಾಗಿ ಅಲ್ಲ, ನಾಳೆ ಮೊಳೆಯುವ ತನ್ನ ಸಸಿಯ ಸಲುವಾಗಿ. ಬೇರು ಇಳಿದು, ಎಲೆ ಮೂಡಿ, ಸ್ವಂತ ಊಟ ತಾನೇ ಮಾಡಿಕೊಳ್ಳುವತನಕ ಸಸಿ ಬೆಳೆಯುವುದು ಆ ಬುತ್ತಿಯ ಮೇಲೆಯೇ. ಹುಳ, ಹಕ್ಕಿ ತಿಂದು ಅರಗಿಸಿಕೊಳ್ಳಬಾರದೆಂದು ಗಿಡ ಆ ಬುತ್ತಿಗೆ ಒಂದು ಬೀಗವನ್ನೂ ಹಾಕಿರುತ್ತದೆ. ಆ ಬೀಗವೂ ಪ್ರೊಟೀನೇ. ನಮ್ಮ ಹೊಟ್ಟೆಯಲ್ಲಿ ಪ್ರೊಟೀನನ್ನು ಕತ್ತರಿಸಿ ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಹೆಸರು, ಮಡಿಕೆ, ಅಲಸಂದಿಯಲ್ಲಿ ಇದು ಸ್ವಲ್ಪ, ಸೋಯಾದಲ್ಲಿ ಬಹಳ. ನೆನೆಸಿ, ನೀರು ಹಾಕಿ ಚೆನ್ನಾಗಿ ಬೇಯಿಸಿದರೆ ಬೀಗ ಮುರಿಯುತ್ತದೆ. ಬೇಯಿಸದಿದ್ದರೆ ತಿಂದದ್ದು ದಂಡ, ಮೇಲೆ ಹೊಟ್ಟೆಯುಬ್ಬರ. ಕೋಳಿ ಸಾಕುವವರಿಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ಕೋಳಿಯನ್ನು ತೂಕಕ್ಕೆ ಮಾರುತ್ತಾರೆ.

ಇನ್ನು ನನ್ನ ನೆಗೆಣ್ಣಿಯ ವಿಷಯ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಸಣ್ಣವಳು. ನಾವಿಬ್ಬರೂ ಮಮದಾಪುರದಲ್ಲಿ ಒಂದೇ ಅಂಗಳದ ಎರಡು ಮನೆಗಳಲ್ಲಿ ಇದ್ದೇವೆ. ಗೋಕಾಕದಲ್ಲಿ ಕಚೇರಿ ಇಟ್ಟುಕೊಂಡ ಒಂದು ಸಂಸ್ಥೆ ನಮ್ಮೂರಿನಲ್ಲಿ ಶಿಶುಕೇಂದ್ರ ತೆರೆದಾಗ ಅದನ್ನು ನಡೆಸುವ ಕೆಲಸ ಅವಳಿಗೆ ಸಿಕ್ಕಿತು. ಕಬ್ಬಿನ ಕಳೆ, ಅರಿಷಿಣದ ಗಡ್ಡೆ, ಗೋವಿನಜೋಳದ ತೆನೆ ಎಂದು ದಿನವೆಲ್ಲ ಹೊಲದಲ್ಲಿರುವ ಹೆಣ್ಣುಮಕ್ಕಳು ಬೆಳಗ್ಗೆ ಕೂಸುಗಳನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಅವಳಿಗೆ ಅದರ ಹೆಮ್ಮೆ ಎಷ್ಟಿತ್ತೆಂದರೆ ಹಬ್ಬದ ದಿನವೂ ಕೇಂದ್ರದ ಬಾಗಿಲು ತೆಗೆದು ಕಸ ಹೊಡೆದು ಬರುತ್ತಿದ್ದಳು.

ಆ ವರ್ಷ ಸಂಸ್ಥೆಯವರು ಮಕ್ಕಳಿಗೆ ಕೇಂದ್ರದಲ್ಲಿ ತಿನ್ನಿಸಲೂ ರಜೆಯ ದಿನಕ್ಕೆ ಮನೆಗೆ ಒಯ್ಯಲೂ ಪೌಷ್ಟಿಕ ಹಿಟ್ಟಿನ ಪಾಕೀಟು ಕೊಡಲು ಶುರುಮಾಡಿದರು. ಜೋಳ, ಗೋಧಿ, ಶೇಂಗಾ, ಬೆಲ್ಲದ ಪುಡಿ, ಜೊತೆಗೆ ಪ್ರೊಟೀನಿಗೆಂದು ಬಹಳಷ್ಟು ಸೋಯಾ. ಹುಕ್ಕೇರಿ ತಾಲೂಕಿನ ಒಂದು ಊರಿನ ಹೆಣ್ಣುಮಕ್ಕಳ ಸಂಘ ಅದನ್ನು ಹುರಿದು, ಬೀಸಿ, ಪಾಕೀಟು ಮಾಡಿ ಕಳಿಸುತ್ತಿತ್ತು. ಯಾಲಕ್ಕಿ ವಾಸನೆಯ ಸಿಹಿ ಹಿಟ್ಟು. ತಾಯಂದಿರು ಖುಷಿಯಾದರು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಲೋ ಇದೆ ಅಂದಿದ್ದೆ.

ಪಂಚಮಿ ಕಳೆದ ಮೇಲೆ ಕೂಸುಗಳ ಹೊಟ್ಟೆ ಕೆಡತೊಡಗಿತು. ಉಬ್ಬರ, ಜುಲಾಬು, ರಚ್ಚೆ. ಮೊದಲು ನೀರಿನ ದೋಷ ಅಂದರು, ಆಮೇಲೆ ಹಲ್ಲು ಬರುವ ಹೊತ್ತು ಅಂದರು. ದಸರೆಯ ಹೊತ್ತಿಗೆ ಸಂಸ್ಥೆಯ ಅಧಿಕಾರಿ ತಕ್ಕಡಿ ತಂದು ತೂಗಿದಾಗ ಎಷ್ಟೋ ಕೂಸುಗಳು ಮುಂಚೆ ಇದ್ದಲ್ಲೇ ಇದ್ದವು, ಕೆಲವು ಇಳಿದಿದ್ದವು. ಅಧಿಕಾರಿ ಆಹಾರ ವಿಜ್ಞಾನ ಓದಿದವರು, ಮಾತಿನಲ್ಲಿ ಚುರುಕು. ಅವರು ಡಾಕ್ಟರನ್ನು ಕರೆಸಲಿಲ್ಲ, ಹಿಟ್ಟು ಮಾಡುವ ಕಡೆ ಹೋಗಿ ನೋಡಲಿಲ್ಲ. ಹನುಮಪ್ಪನ ಗುಡಿ ಕಟ್ಟೆಯ ಮುಂದೆ, ಡೇರಿಗೆ ಹಾಲು ಹಾಕಲು ಬಂದ ಜನರೆಲ್ಲ ನಿಂತಿರುವಾಗ, ನನ್ನ ನೆಗೆಣ್ಣಿಯನ್ನು ಕರೆದು ಕೇಳಿದರು.

"ಹಿಟ್ಟಿನ್ಯಾಗ ಪ್ರೊಟೀನ್ ಬರೋಬ್ಬರಿ ಐತಿ ಅಂತ ಲ್ಯಾಬಿನ ರಿಪೋರ್ಟ್ ಐತಿ. ಹಿಟ್ಟು ಚಲೋ ಐತಿ, ಕೂಸು ಬೆಳಿಯಾಕತ್ತಿಲ್ಲ ಅಂದ್ರ ಹಿಟ್ಟು ಕೂಸಿನ ಬಾಯಿಗೆ ಹೋಗಿಲ್ಲ. ಮತ್ತ ಎಲ್ಲಿ ಹೋತು?"

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರ ತುಂಬ ಮಾತು: ಕೂಸಿನ ಹಿಟ್ಟು ಎಮ್ಮೆಗೆ ಹೋಗಿದೆ, ಅವಳ ಮನೆಯ ಎಮ್ಮೆ ಹಾಲು ಏರಿಸಿದ್ದು ಸುಮ್ಮನೆ ಅಲ್ಲ. ತಿಂಗಳುಗಟ್ಟಲೆ ಅವಳ ಮಡಿಲಲ್ಲಿ ಕೂಸು ಬಿಟ್ಟು ಹೋದವರೇ ಮಾರನೆಯ ದಿನ ಬೇರೆ ಕಡೆ ಮುಖ ಮಾಡಿ ಹೋದರು. ಅವಳು ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಯಕ್ಕಾ, ನಾ ನನ್ನ ಕೈಯಾರೆ ಉಂಡಿ ಕಟ್ಟಿ ತಿನ್ನಿಸೇನಿ. ಒಂದು ಚಮಚಾ ಹೊರಗ ಹೋಗಿಲ್ಲ" ಅಂದಳು.

ನನಗೆ ಅವಳ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಿಟ್ಟು ಕೂಸಿನ ಹೊಟ್ಟೆಗೇ ಹೋಗಿದೆ, ಆದರೂ ಕೂಸು ಬೆಳೆದಿಲ್ಲ ಅಂದರೆ ಎಲ್ಲಿ ಕೆಟ್ಟಿತು? ಸೋಯಾ ಎಂಬುದು ತಲೆಯಲ್ಲಿ ಹೊಳೆದದ್ದೇ ತಡ, ಒಂದು ಪಾಕೀಟು ಚೀಲಕ್ಕೆ ಹಾಕಿಕೊಂಡು ಮಾರನೆಯ ದಿನ ಕೆಲಸಕ್ಕೆ ಹೋದೆ. ಊಟದ ಬಿಡುವಿನಲ್ಲಿ ಹಿಟ್ಟನ್ನು ಗಾಜಿನ ತಟ್ಟೆಯಲ್ಲಿ ಹರಡಿ ನೀರು ಹನಿಸಿದೆ. ನಾಲ್ಕು ಬಗೆಯ ಹಿಟ್ಟು ಕೂಡಿದ್ದರಿಂದ ಸೋಯಾದ ಕಣಗಳಷ್ಟೇ ಅಲ್ಲಲ್ಲಿ ಕೆಂಪಾಗಬೇಕಿತ್ತು. ಮೊದಲು ಹಾಗೇ ಆಯಿತು. ಆಮೇಲೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು, ನಾನು ರೊಟ್ಟಿ ಮುರಿದು ಬಾಯಿಗೆ ಇಡುವಷ್ಟರಲ್ಲಿ ಇಡೀ ತಟ್ಟೆ ಕೆಂಪೇರಿತು. ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಇದೇ ಬಣ್ಣ ನೋಡಿ ಎಷ್ಟು ಲಾರಿ ತಿರುಗಿಸಿದ್ದೇನೆ! ಕೋಳಿಗೆ ಆಗದ್ದನ್ನು ನಮ್ಮೂರ ಕೂಸುಗಳಿಗೆ ಯಾಲಕ್ಕಿ ಹಾಕಿ ತಿನ್ನಿಸಿದ್ದರು.

ಮ್ಯಾನೇಜರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಲಾರಿಯಲ್ಲಿ ಬಂದಿದ್ದರೆ ಖಂಡಿತ ವಾಪಸ್ ಕಳಿಸುವ ಮಾಲು ಅಂದರು. ಆದರೆ ಕಾರ್ಖಾನೆಯ ಹೆಸರಿನಲ್ಲಿ ಬರೆದು ಕೊಡಿ ಅಂದಾಗ ಕೈ ಮುಗಿದರು. ನಮಗೆ ಪಶು ಆಹಾರದ ಪರವಾನಗಿ ಇದೆ, ಮನುಷ್ಯರ ಆಹಾರಕ್ಕೆ ನಾವು ಮಾತಾಡುವಂತಿಲ್ಲ, ನಮ್ಮ ಹೆಸರು ಎಲ್ಲೂ ಬರಬಾರದು, ಬಂದರೆ ನಿನ್ನ ನೌಕರಿ ನಾನು ಉಳಿಸಲಾರೆ ಎಂದು ಸ್ಪಷ್ಟವಾಗಿ ಹೇಳಿದರು. ಅವರ ಮಾತು ಕಾನೂನಿನ ಪ್ರಕಾರ ಸರಿಯೇ. ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯಿತು.

ರಜೆ ಹಾಕಿ ಗೋಕಾಕಕ್ಕೆ, ಸಂಸ್ಥೆಯ ಕಚೇರಿಗೆ ಹೋದೆ. ಅಧಿಕಾರಿ ಚಹಾ ತರಿಸಿದರು, ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಕೇಳಿಸಿಕೊಂಡು ನಕ್ಕರು. ಇದು ಕೋಳಿಯ ಪರೀಕ್ಷೆ ಅಂದರು. ನೀವು ನೋಡಿದ್ದು ಯೂರಿಯೇಸ್ ಎಂಬ ಬೇರೆ ಕಿಣ್ವವನ್ನು, ನೀವು ಹೇಳುವ ಬೀಗವನ್ನಲ್ಲ ಅಂದರು. ಮಾತು ನಿಜ. ಸೋಯಾದಲ್ಲಿರುವ ಯೂರಿಯೇಸ್ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ನೀರು ಕೆಂಪಾಗುವುದು ಅದರಿಂದ. ಅದು ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ. ಆದರೆ ಬೀಗ ಮುರಿಯಲು ಎಷ್ಟು ಕಾವು ಬೇಕೋ ಹೆಚ್ಚುಕಡಿಮೆ ಅಷ್ಟೇ ಕಾವಿಗೆ ಇದೂ ಸಾಯುತ್ತದೆ. ಇದು ಬದುಕಿದ್ದರೆ ಅದೂ ಬದುಕಿದೆ ಎಂದು ತಿಳಿಯಬೇಕು. ಅದಕ್ಕಾಗಿಯೇ ಎಲ್ಲ ಕಡೆ ಈ ಪರೀಕ್ಷೆ ಮಾಡುತ್ತಾರೆ ಎಂದು ವಿವರಿಸಿದೆ. ಅವರು ತಮ್ಮ ರಿಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ, ಪ್ರೊಟೀನ್ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟರು.

ಆ ರಿಪೋರ್ಟನ್ನು ಹೇಗೆ ಮಾಡುತ್ತಾರೆಂದು ನನಗೆ ಗೊತ್ತು, ವಾರಕ್ಕೆ ಎಷ್ಟೋ ಸಲ ನಾನೇ ಮಾಡುತ್ತೇನೆ. ಹಿಟ್ಟನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕ ಎಷ್ಟೆಂದು ಅಳೆದು, ಗುಣಿಸಿ ಪ್ರೊಟೀನು ಇಷ್ಟು ಎಂದು ಬರೆಯುತ್ತಾರೆ. ಆಮ್ಲಕ್ಕೆ ಹಸಿ ಯಾವುದು, ಬೆಂದದ್ದು ಯಾವುದು ಎಂಬುದು ಗೊತ್ತಾಗುವುದಿಲ್ಲ, ಅದು ಎಲ್ಲವನ್ನೂ ಕರಗಿಸುತ್ತದೆ. ಕೂಸಿನ ಹೊಟ್ಟೆ ಗಂಧಕಾಮ್ಲದ ಬಾಟಲಿಯೇ?

"ಸಾಹೇಬ್ರ, ನನ್ನ ಕಾಲಾಗಿನ ಚರ್ಮದ ಚಪ್ಪಲಿ ಪುಡಿ ಮಾಡಿ ಕೊಟ್ರೂ ನಿಮ್ಮ ರಿಪೋರ್ಟಿನ್ಯಾಗ ಪ್ರೊಟೀನ್ ಬರತೈತ್ರಿ. ಅದನ್ನೂ ಕೂಸಿಗೆ ತಿನ್ನಸ್ತೀರೇನು?" ಅಂದೆ.

ಅವರ ಮುಖ ಸಣ್ಣದಾಯಿತು. ಹಾಗಿದ್ದರೆ ಹಿಟ್ಟು ತಯಾರಾಗುವ ಜಾಗಕ್ಕೇ ಹೋಗೋಣ, ನನ್ನ ಕಣ್ಣ ಮುಂದೆ ಪರೀಕ್ಷೆ ಮಾಡಿ ಅಂದರು. ನಾನು ತಟ್ಟನೆ ಒಪ್ಪಿಕೊಂಡೆ. ಮಾದರಿ ತೆಗೆಯಲು ಬರುತ್ತೇವೆಂದು ಯಾವ ವ್ಯಾಪಾರಿಗಾದರೂ ಮುಂಚೆಯೇ ಸುದ್ದಿ ಕೊಡುತ್ತೇವೆಯೇ? ಹಾಗಾದರೆ ಅದು ಎಂಥ ಮಾದರಿ? ಲಾರಿ ಹತ್ತಿ ತಳದ ಚೀಲ ಚುಚ್ಚುವ ನನಗೆ ಆ ಹೊತ್ತಿನಲ್ಲಿ ಇದು ಹೊಳೆಯಲೇ ಇಲ್ಲ.

ನಿಗದಿಯಾದ ದಿನ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಕಡೆಯ ಆ ಊರಿಗೆ ಹೋದೆ. ತಗಡಿನ ಶೆಡ್ಡು, ಮೂರು ಒಲೆ, ಅವುಗಳ ಮೇಲೆ ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಕಾದ ಉಸುಕು. ನಾಲ್ಕೈದು ಹೆಣ್ಣುಮಕ್ಕಳು ಬೆವರು ಸುರಿಸುತ್ತ ಸೋಯಾ ಹುರಿಯುತ್ತಿದ್ದರು. ಕಾಳು ಕಂದು ಬಣ್ಣಕ್ಕೆ ತಿರುಗಿ, ಸೀದ ವಾಸನೆ ಶೆಡ್ಡಿನ ತುಂಬ ಇತ್ತು. ಅದೇ ಕಾಳನ್ನು ಬೀಸಿಸಿ ನನ್ನ ಮುಂದಿಟ್ಟರು. ನಾನು ಪರೀಕ್ಷೆ ಮಾಡಿದೆ. ನೀರು ಹಳದಿಯಾಗಿಯೇ ಉಳಿಯಿತು. ಅಧಿಕಾರಿ ತಮ್ಮ ಮೊಬೈಲಿನಲ್ಲಿ ಆ ಹಳದಿ ತಟ್ಟೆಯ ಫೋಟೊ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, ಬರುವ ಸೋಮವಾರ ಮಮದಾಪುರದಲ್ಲಿ ಸಭೆ ಕರೆದಿದ್ದೇವೆ, ನಿಮ್ಮ ನೆಗೆಣ್ಣಿ ಕೇಂದ್ರದ ಕೀಲಿ ಒಪ್ಪಿಸಲಿ, ಪೊಲೀಸರವರೆಗೆ ನಾವು ಹೋಗುವುದಿಲ್ಲ ಅಂದರು. ನಮ್ಮ ಮೇಲೆ ದಯೆ ತೋರಿಸುವವರ ಧಾಟಿಯಲ್ಲಿ ಅಂದರು!

ಅವರು ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದಾಗ ಸಂಘದ ಹಿರಿಯಳು ನನ್ನ ಪಕ್ಕ ಬಂದು ಕುಳಿತಳು. ದಿನಾ ಇಷ್ಟು ಹುರಿಯುತ್ತೀರೇನು ಎಂದು ಕೇಳಿದೆ. ಆಕೆ ಬಾಗಿಲ ಕಡೆ ನೋಡಿದಳು.

"ಇಲ್ರೀ ಯವ್ವಾ. ದಿನಾ ಶೇಂಗಾ ಹುರಿದಂಗ ಹುರಿತೇವಿ. ಅಂಗೈಯಾಗ ತಿಕ್ಕಿದ್ರ ಸಿಪ್ಪಿ ಬಿಡಬೇಕು, ಅಷ್ಟ. ಕೆಂಪಾತು ಅಂದ್ರ ಸಾಹೇಬ್ರು ವಾಪಸ್ ಕಳಸ್ತಾರ, ಹಿಟ್ಟು ಬೆಳ್ಳಗ ಇರಬೇಕಂತ. ಇವತ್ತು ಅವರ ಫೋನ್ ಮಾಡಿ, ಚಂದಂಗಿ ಹುರೀರಿ ಅಂದ್ರು."

ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಿ ನೋಡುವುದು! ನಮ್ಮ ಕಡೆಯ ಯಾವ ಹೆಂಗಸಾದರೂ ಹೀಗೆಯೇ ಮಾಡುತ್ತಾಳೆ. ಶೇಂಗಾಕ್ಕೆ ಅದು ಸರಿ, ಕಡಲೆಗೂ ಸರಿ. ಸೋಯಾದ ಸಿಪ್ಪೆ ಮಾತ್ರ ಒಳಗಿನ ಬೇಳೆ ಹಸಿ ಇರುವಾಗಲೇ ಸಡಿಲಾಗುತ್ತದೆ. ಅದಕ್ಕೆ ಒಣ ಉಸುಕಿನ ಕಾವು ಸಾಲದು, ನೆನೆಸಿ ಕುದಿಸಬೇಕು. ತೀರ ಕಂದು ಮಾಡಿದರೆ ಬೀಗ ಮುರಿದರೂ ಪ್ರೊಟೀನಿನ ಒಳ್ಳೆಯ ಅಂಶವೇ ಸುಟ್ಟುಹೋಗುತ್ತದೆ. ಇದನ್ನು ಆ ಹೆಣ್ಣುಮಕ್ಕಳಿಗೆ ಯಾರು ಹೇಳಬೇಕಿತ್ತು? ಸೋಯಾ ನಮ್ಮ ಹೊಲಕ್ಕೆ ಬಂದದ್ದೇ ಈಚೆಗೆ, ಬೆಳೆದದ್ದೆಲ್ಲ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಮಡಿಕೆಕಾಳಿನ ಉಸುಳಿ, ಕಡಲೆಹಿಟ್ಟಿನ ಝುಣಕ ಎಲ್ಲರಿಗೂ ಬರುತ್ತದೆ, ಸೋಯಾದ ಅಡುಗೆ ಯಾರ ಅತ್ತೆಯೂ ಯಾವ ಸೊಸೆಗೂ ಕಲಿಸಿಲ್ಲ. ಅವರು ತಮಗೆ ಬಂದ ರೀತಿಯಲ್ಲಿ ಮಾಡಿದರು. ಓದಿದವರು ಬಂದು ನೋಡಿದ್ದು ಬಣ್ಣ ಒಂದನ್ನೇ.

ಹೊರಡುವಾಗ ಅಧಿಕಾರಿ ಇನ್ನೊಂದು ಮಾತು ಹೇಳಿದರು. ಪಾಕೀಟಿನ ಹಿಂದೆ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ತಿನ್ನಿಸಬೇಕು ಎಂದು ಬರೆದಿದೆ, ಸ್ವಲ್ಪ ಹಸಿ ಉಳಿದಿದ್ದರೂ ಕುದಿಸಿದ ಮೇಲೆ ಏನೂ ಆಗುವುದಿಲ್ಲ ಅಂದರು. ಬಸ್ಸು ಧುಪದಾಳ ದಾಟುವವರೆಗೂ ನನ್ನ ತಲೆಯಲ್ಲಿ ಆ ಮಾತೇ ಕೊರೆಯುತ್ತಿತ್ತು. ಮನೆಗೆ ಬಂದವಳೇ ನೆಗೆಣ್ಣಿಯನ್ನು ಕೇಳಿದೆ, ಹಿಟ್ಟನ್ನು ಕುದಿಸಿದ್ದೆಯಾ?

ಅವಳು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. "ಹುರಿದ ಹಿಟ್ಟು ಯಾರರ ಕುದಸ್ತಾರೇನ ಯಕ್ಕಾ? ಬಿಸಿ ಹಾಲಾಗ ಕಲಿಸಿ ಉಂಡಿ ಕಟ್ಟಿನಿ, ತಂಬಿಟ್ಟಿನಂಗ."

ನಾನು ಹಣೆ ಹಿಡಿದುಕೊಂಡು ಕುಳಿತೆ. ಹುರಿದ ಹಿಟ್ಟಿಗೆ ಬೆಲ್ಲ ಕೂಡಿದರೆ ನಮ್ಮಲ್ಲಿ ಅದು ತಂಬಿಟ್ಟು. ಪಂಚಮಿಗೆ ಮನೆಮನೆಯಲ್ಲಿ ಕಟ್ಟುವ ಉಂಡಿ. ಅದನ್ನು ಒಲೆಯ ಮೇಲೆ ಇಡುವ ಮಾತೇ ಇಲ್ಲ. ಪಾಕೀಟಿನ ಹಿಂದೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದದೆ, ಅವಳ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಮನೆಗೆ ಪಾಕೀಟು ಒಯ್ದ ತಾಯಂದಿರೂ ಅದನ್ನೇ ಮಾಡಿದ್ದರು. ಹುರಿಯುವಾಗ ಬೇಯದ ಸೋಯಾ ಮುಂದೆ ಎಲ್ಲೂ ಬೇಯದೆ ನೆಟ್ಟಗೆ ಕೂಸಿನ ಹೊಟ್ಟೆ ಸೇರಿತ್ತು.

ಈಗ ನನಗೆ ಬೇರೆ ಭಯ ಹತ್ತಿತು. ಹಿಟ್ಟು ಹಸಿ ಎಂದು ನಾನು ಸಾಧಿಸಿದರೂ ಅಧಿಕಾರಿ ನುಣುಚಿಕೊಳ್ಳಲು ದಾರಿ ಇದೆ. ಬರೆದದ್ದನ್ನು ಓದದೆ ಮಕ್ಕಳ ಹೊಟ್ಟೆ ಕೆಡಿಸಿದವಳು ಇವಳೇ ಅನ್ನುತ್ತಾರೆ. ಕಳ್ಳಿ ಅನ್ನುವ ಬದಲು ದಡ್ಡಿ ಅನ್ನುತ್ತಾರೆ, ಕೆಲಸ ಹೋಗುವುದು ಹೋಗಿಯೇ ಹೋಗುತ್ತದೆ. ಉಂಡಿಯ ಮಾತನ್ನು ಬಾಯಿ ಬಿಡಬೇಡ, ಕುದಿಸಿದ್ದೆ ಅಂದುಬಿಡು ಎಂದು ಹೇಳಲು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಅವಳೇ ಕಡಿದು ಹಾಕಿದಳು.

"ಕುದಿಸಿಲ್ಲ ಅಂತ ನಾನ ಎದ್ದು ನಿಂತು ಹೇಳ್ತೇನಿ. ಗೊತ್ತಿರಲಿಲ್ಲ ಅನ್ನೂದಕ್ಕ ನನಗೇನೂ ನಾಚಿಕಿಲ್ಲ. ಕಳವು ಮಾಡೀನಿ ಅನ್ನೂದು ಮಾತ್ರ ನನ್ನ ಮೈಮ್ಯಾಲಿಂದ ಹೋಗಬೇಕು."

ಆಗ ತೀರ್ಮಾನ ಮಾಡಿದೆವು. ಆ ದಿನದಿಂದಲೇ ಅವಳು ಕೇಂದ್ರದಲ್ಲಿ ಪಾಕೀಟು ಒಡೆಯುವುದನ್ನು ನಿಲ್ಲಿಸಿದಳು. ಸಂಸ್ಥೆಯ ಆಹಾರ ಕೊಡದಿರುವುದು ನಿಯಮಕ್ಕೆ ವಿರುದ್ಧ, ಅದೊಂದೇ ಕಾರಣಕ್ಕೆ ಅವಳನ್ನು ತೆಗೆಯಬಹುದಿತ್ತು. ಇನ್ನೂ ಕೇಂದ್ರಕ್ಕೆ ಬರುತ್ತಿದ್ದ ಬೆರಳೆಣಿಕೆಯ ಕೂಸುಗಳಿಗೆ ನಮ್ಮ ಮನೆಯ ಹೆಸರುಕಾಳು ನೆನೆಸಿ, ಅಕ್ಕಿ ಜೊತೆ ಮೆತ್ತಗೆ ಕುದಿಸಿ ತಿನ್ನಿಸಿದಳು. ಅಕ್ಕಿಯಲ್ಲಿ ಕಡಿಮೆ ಇರುವುದು ಹೆಸರಿನಲ್ಲಿದೆ, ಹೆಸರಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ, ಎರಡೂ ಕೂಡಿದರೆ ಕೂಸಿನ ಮೈಗೆ ಹತ್ತುವ ಪ್ರೊಟೀನು ಆಗುತ್ತದೆ. ಸಭೆಯ ದಿನ ಬರುವಷ್ಟರಲ್ಲಿ ಆ ಕೂಸುಗಳ ಜುಲಾಬು ನಿಂತಿತ್ತು.

ಪರೀಕ್ಷೆಯನ್ನು ಊರ ಮುಂದೆ ಮಾಡುವುದೆಂದು ನಾನು ಗಟ್ಟಿ ಮಾಡಿಕೊಂಡೆ. ಕಾರ್ಖಾನೆಯ ಬಾಟಲಿ ತರುವಂತಿಲ್ಲ. ತಂದರೂ ಆ ಬಣ್ಣದ ನೀರಿನಲ್ಲಿ ಏನಿದೆಯೋ ಎಂದು ಜನ ಅನುಮಾನಪಡುತ್ತಾರೆ. ಅರಿಷಿಣ ನೆನಪಾಯಿತು. ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಎಲ್ಲರಿಗೂ ಗೊತ್ತು. ಅಮೋನಿಯಾ ತಾಗಿದರೂ ಅಷ್ಟೇ. ಯೂರಿಯಾ ಅಂತೂ ಯಾವ ರೈತರ ಮನೆಯಲ್ಲಿ ಇಲ್ಲ? ಹಳೆಯ ಬಿಳಿ ಧೋತರ ಹರಿದು, ಅರಿಷಿಣದಲ್ಲಿ ಅದ್ದಿ, ಒಣಗಿಸಿ ಪಟ್ಟಿ ಮಾಡಿದೆ. ಮನೆಯಲ್ಲಿ ಮಾಡಿ ನೋಡಿದಾಗ ಮೊದಲ ಸಲವೇ ಕೆಟ್ಟಿತು. ಹಿಟ್ಟು ಹಾಕದ ಬರೀ ನೀರಿನಲ್ಲೂ ಪಟ್ಟಿ ಕೆಂಪಡರಿತು. ನಮ್ಮ ಬೋರಿನ ನೀರು ಅಷ್ಟು ಸವುಳು, ಅದರಲ್ಲೇ ಕ್ಷಾರ ಇದೆ. ಊರ ಕಟ್ಟೆಯ ಮೇಲೆ ಹೀಗಾಗಿದ್ದರೆ ನಮ್ಮ ಗತಿ ಮುಗಿದಂತೆ. ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರಿಸಿ ಮತ್ತೆ ಮಾಡಿದೆ. ಬರೀ ನೀರಿನಲ್ಲಿ ಪಟ್ಟಿ ಹಳದಿಯಾಗಿಯೇ ಉಳಿಯಿತು. ಕುದಿಸಿ ಒಣಗಿಸಿ ಬೀಸಿದ ಸೋಯಾದಲ್ಲೂ ಹಳದಿ. ಪಾಕೀಟಿನ ಹಿಟ್ಟು ಹಾಕಿದ ಗ್ಲಾಸಿನಲ್ಲಿ ಪಟ್ಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ಸೋಮವಾರ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಜನ ತುಂಬಿದ್ದರು. ಕಳ್ಳಿಯ ಕೈಯಿಂದ ಕೀಲಿ ಕಸಿಯುವುದನ್ನು ನೋಡಲು ಬಂದವರೇ ಹೆಚ್ಚು. ಅಧಿಕಾರಿ ಮಾತು ಶುರುಮಾಡುವ ಮುಂಚೆಯೇ ನಾನು ಎದ್ದು, ಮೂರು ಗಾಜಿನ ಗ್ಲಾಸು ಸಾಲಾಗಿ ಇಟ್ಟೆ. ನಾನು ಇಲ್ಲಿ ಯಾವ ಕಾರ್ಖಾನೆಯ ಪರವಾಗಿಯೂ ಬಂದಿಲ್ಲ, ಈ ಊರಿನ ಸೊಸೆಯಾಗಿ ಬಂದಿದ್ದೇನೆ ಅಂದೆ. ಪಾಕೀಟು ನಾನು ತರುವುದಿಲ್ಲ, ಯಾರ ಮನೆಯಲ್ಲಿ ಒಡೆಯದ ಪಾಕೀಟು ಇದೆಯೋ ಅವರೇ ತರಲಿ ಅಂದೆ. ಒಬ್ಬ ತಾಯಿ ಮನೆಗೆ ಹೋಗಿ ತಂದಳು. ಇನ್ನೊಬ್ಬರ ಕೊಟ್ಟಿಗೆಯಿಂದ ಒಂದು ಹಿಡಿ ಯೂರಿಯಾ ಬಂತು. ಮೂರು ಗ್ಲಾಸಿಗೂ ಘಟಕದ ನೀರು ಹಾಕಿ, ಮೊದಲನೆಯದನ್ನು ಬರೀ ನೀರಾಗಿ ಬಿಟ್ಟೆ. ಮನೆಯಲ್ಲಿ ಕುದಿಸಿ ಬೀಸಿದ ಸೋಯಾ ಎರಡನೆಯ ಗ್ಲಾಸಿಗೆ, ಪಾಕೀಟಿನ ಹಿಟ್ಟು ಮೂರನೆಯದಕ್ಕೆ. ಮೂರಕ್ಕೂ ಯೂರಿಯಾ, ಮೂರಕ್ಕೂ ಅರಿಷಿಣದ ಪಟ್ಟಿ.

ಅಧಿಕಾರಿ ಕೈಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹಿಂದಿನಿಂದ ಯಾರೋ ಇದೇನು ಗಾರುಡಿ ಆಟವೇ ಅಂದರು. ಆಮೇಲೆ ಮೂರನೆಯ ಗ್ಲಾಸಿನ ಪಟ್ಟಿಯ ಅಂಚು ಕೆಂಪಡರಿತು, ಕೆಂಪು ನಡುವಿನವರೆಗೆ ಏರಿತು. ಹತ್ತಿರ ಕುಳಿತವರಿಗೆ ಕೊಟ್ಟಿಗೆಯ ಘಾಟು ಮೂಗಿಗೆ ಬಡಿಯಿತು. ಉಳಿದ ಎರಡು ಪಟ್ಟಿ ಹಳದಿಯಾಗಿಯೇ ಇದ್ದವು. ಕೆಂಪಾದದ್ದು ಹಸಿ ಸೋಯಾ, ಇದು ಹೊಟ್ಟೆಯಲ್ಲಿ ಅರಗುವುದಿಲ್ಲ, ಇದನ್ನು ತಿಂದರೆ ಕೋಳಿಮರಿಯೂ ಬೆಳೆಯುವುದಿಲ್ಲವೆಂದು ನಾವು ಲಾರಿಗಟ್ಟಲೆ ವಾಪಸ್ ಕಳಿಸುತ್ತೇವೆ ಎಂದು ಹೇಳಿದೆ. ಪಾಕೀಟು ತಂದ ತಾಯಿ ತನ್ನ ಕೂಸನ್ನು ಎದೆಗೆ ಅವಚಿಕೊಂಡು ಅಧಿಕಾರಿಯ ಮುಖ ನೋಡಿದಳು.

ನಾನು ಎಣಿಸಿದ್ದಂತೆಯೇ ಅಧಿಕಾರಿ ಪಾಕೀಟು ಎತ್ತಿ ಹಿಂಬದಿ ತಿರುಗಿಸಿದರು. ಕುದಿಸಬೇಕೆಂದು ಬರೆದಿದೆ, ಕುದಿಸಿದ್ದಾರೋ ಕೇಳಿ ಅಂದರು. ನನ್ನ ನೆಗೆಣ್ಣಿ ಎದ್ದು ನಿಂತಳು. ಕುದಿಸಿಲ್ಲ, ಉಂಡಿ ಕಟ್ಟಿದ್ದೇನೆ, ಕುದಿಸಬೇಕೆಂದು ನನಗೆ ಗೊತ್ತಿರಲಿಲ್ಲ ಎಂದು ಗಟ್ಟಿಯಾಗಿ ಹೇಳಿದಳು. ನಾನೂ ಉಂಡಿ ಕಟ್ಟಿದ್ದು ಎಂದು ಪಾಕೀಟು ತಂದ ತಾಯಿ ಅಂದಳು. ನಾನೂ, ನಾನೂ ಎಂದು ಕಟ್ಟೆಯ ಸುತ್ತ ಹೆಣ್ಣುದನಿಗಳು ಎದ್ದವು.

ನನಗೆ ತಡೆಯಲಾಗಲಿಲ್ಲ. ಹುರಿದು, ಬೆಲ್ಲ ಹಾಕಿ, ಯಾಲಕ್ಕಿ ಹಾಕಿ ತಂಬಿಟ್ಟಿನಂತೆ ಮಾಡಿ ಕೊಟ್ಟವರು ನೀವು, ಅದನ್ನು ತಂಬಿಟ್ಟಿನಂತೆ ತಿಂದರೆ ತಪ್ಪು ನಮ್ಮದೇ ಎಂದು ಕೇಳಿದೆ. ಬಿಳಿ ಹಿಟ್ಟೇ ಬೇಕೆಂದು ಹಟ ಹಿಡಿದವರು ಯಾರು? ಒಂದು ದಿನ, ಒಂದೇ ಒಂದು ದಿನ, ಈ ಕೇಂದ್ರದಲ್ಲಿ ಕುಳಿತು ಕೂಸು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂದು ನೋಡಿದ್ದೀರಾ? ಕೋಳಿಯ ಹೊಟ್ಟೆಯ ಬಗ್ಗೆ ನಮ್ಮ ಮಾಲೀಕನಿಗೆ ಇರುವ ಕಾಳಜಿಯಷ್ಟಾದರೂ ನಿಮಗೆ ಕೂಸಿನ ಬಗ್ಗೆ ಇರಬೇಡವೇ? ಇನ್ನೂ ಏನೇನೋ ಅಂದೆ. ಯಾವುದಕ್ಕೂ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಅಧಿಕಾರಿಯ ದನಿ ಇಳಿಯಿತು. ಉಳಿದ ಪಾಕೀಟುಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ, ಸೋಯಾವನ್ನು ನೆನೆಸಿ ಬೇಯಿಸಿ ಒಣಗಿಸಿ ಬೀಸುವಂತೆ ಸಂಘಕ್ಕೆ ಕಲಿಸುತ್ತೇವೆ ಅಂದರು. ಆಮೇಲೆ ನೆಗೆಣ್ಣಿಯನ್ನು ಪಕ್ಕಕ್ಕೆ, ತಮ್ಮ ಕಾರಿನ ಹತ್ತಿರ ಕರೆದರು. ನಾನೂ ಹೋದೆ. ಏನೋ ತಪ್ಪು ತಿಳುವಳಿಕೆ ಆಗಿತ್ತು, ಬೇಸರ ಮಾಡಿಕೊಳ್ಳಬೇಡಿ, ಕೀಲಿ ನಿಮ್ಮ ಹತ್ತಿರವೇ ಇರಲಿ ಎಂದು ಮೆಲ್ಲಗೆ ಹೇಳಿ ಕಾರಿನ ಬಾಗಿಲು ತೆಗೆದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿ ಬ್ಯಾಡ್ರಿ. ಕಳ್ಳಿ ಅಂತ ಯಾವ ಕಟ್ಟಿ ಮ್ಯಾಲೆ ನಿಂತು ಅಂದ್ರಿ, ಅದ ಕಟ್ಟಿ ಮ್ಯಾಲೆ ನಿಂತು ಅಲ್ಲ ಅನ್ರಿ."

ತಾವು ಕಳ್ಳಿ ಎಂಬ ಶಬ್ದವನ್ನೇ ಬಳಸಿಲ್ಲ ಎಂದು ಅವರು ವಾದಕ್ಕಿಳಿದರು. ಅವಳು ವಾದ ಮಾಡಲಿಲ್ಲ, ಅಡ್ಡ ನಿಂತಲ್ಲಿಂದ ಕದಲಲೂ ಇಲ್ಲ. ಜನ ಇನ್ನೂ ಚದುರಿರಲಿಲ್ಲ, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಕೊನೆಗೆ ಅವರು ತಿರುಗಿ ಕಟ್ಟೆಯ ಹತ್ತಿರ ಹೋಗಿ ತಪ್ಪು ತಿಳುವಳಿಕೆ ಎಂದು ಮತ್ತೆ ಶುರುಮಾಡಿದರು. ಅದಲ್ಲ, ಕಳವು ಆಗಿಲ್ಲ ಅನ್ನಿ ಎಂದು ಅವಳು ಹಿಂದಿನಿಂದ ಹೇಳಿದಳು. ಅವರು ಗಂಟಲು ಸರಿಮಾಡಿಕೊಂಡು, ಕಳವು ಆಗಿಲ್ಲ, ಹಿಟ್ಟೆಲ್ಲ ಮಕ್ಕಳಿಗೇ ಹೋಗಿದೆ, ತಪ್ಪು ನಮ್ಮ ಹಿಟ್ಟಿನದು ಎಂದು ಹನುಮಪ್ಪನ ಗುಡಿಯ ಮುಂದೆ, ಎಮ್ಮೆಯ ಮಾತು ಹಬ್ಬಿಸಿದವರೂ ಕೇಳುವಂತೆ ಹೇಳಿದರು.

ನಾನಾಗಿದ್ದರೆ ಅಷ್ಟಾದ ಮೇಲೆ ಆ ಕೀಲಿಯನ್ನು ಅವರ ಕಾರಿನೊಳಗೆ ಎಸೆದು ಮನೆಗೆ ನಡೆಯುತ್ತಿದ್ದೆ. ಅವಳು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನೆಟ್ಟಗೆ ಕೇಂದ್ರದ ಕಡೆ ಹೊರಟಳು. ಮುಖ ತಿರುಗಿಸಿ ಹೋಗಿದ್ದ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಅವಳ ಹಿಂದೆ ಹಿಂದೆ ನಡೆದರು. ನಿನಗೆ ನಾಚಿಕೆ ಆಗುವುದಿಲ್ಲವೇ, ಇಷ್ಟು ಅನ್ನಿಸಿಕೊಂಡು ಇವರ ಕೂಸುಗಳನ್ನೇ ಮತ್ತೆ ಎತ್ತಿಕೊಳ್ಳುತ್ತೀಯಲ್ಲ ಎಂದು ನಾನು ಸಿಟ್ಟಿನಿಂದ ಕೇಳಿದೆ.

"ಕೂಸುಗೋಳು ಯಾವಾಗ ನನ್ನ ಕಳ್ಳಿ ಅಂದಾವ ಯಕ್ಕಾ?" ಅಂದಳು.